ಎಂಟು ತಂತಿ ಕೇಳುವ ಮುಂಚೆ

ಎಂಟು ತಂತಿಯ ಗಿಟಾರ್ ಮಾಡಿಸುತ್ತೀಯಂತೆ. ಸಂತೋಷ ಮಗು. ಎರಡೂ ಕೈಯ ಬೆರಳಿಂದ ಫ್ರೆಟ್‌ಗಳ ಮೇಲೆ ತಟ್ಟಿ ಟ್ಯಾಪಿಂಗ್ ಮಾಡಬೇಕು, ಪ್ಲೆಕ್ಟ್ರಮ್ ಇಲ್ಲದೆ ಬೆರಳಲ್ಲೇ ಮೀಟಲೂ ಬರಬೇಕು, ಮಂದ್ರ ಬಾಸ್ ಗಿಟಾರಿನ ಹತ್ತಿರ ಇಳಿಯಬೇಕು. ದೊಡ್ಡ ಆಸೆಯೇ, ಆದರೆ ನಿನ್ನ ಕೈಗೆ ಆ ಯೋಗ್ಯತೆ ಇದೆ. ಅದಿರಲಿ, ಪಿಕಪ್‌ಗಳನ್ನು ಆಗಲೇ ತರಿಸಿ ಇಟ್ಟುಕೊಂಡಿದ್ದೀಯಂತಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ನಿನ್ನ ಈ ಬುದ್ಧಿ ಯಾವಾಗ ಬಿಡುತ್ತೋ. ಇಲ್ಲಿ ಬಂದು ಕೂತ್ಕೋ, ಸ್ವಲ್ಪ ಕೇಳು.

ತಟ್ಟುವ ಕೈ ಕೇಳುವುದೇ ಬೇರೆ, ಮೀಟುವ ಕೈ ಕೇಳುವುದೇ ಬೇರೆ. ತಟ್ಟುವವನಿಗೆ ತಂತಿ ಫ್ರೆಟ್‌ಗೆ ಅಂಟಿಕೊಂಡ ಹಾಗೆ ಕೆಳಗಿರಬೇಕು, ಮುಟ್ಟಿದರೆ ನುಡಿಯಬೇಕು. ಮೀಟುವವನು ಹೆಬ್ಬೆರಳಿಂದ ಜೋರಾಗಿ ಎಳೆದರೆ ಅದೇ ತಂತಿ ಫ್ರೆಟ್‌ಗೆ ಬಡಿದು ಗರಗರ ಅನ್ನುತ್ತದೆ. ಅವನಿಗೆ ಸ್ವಲ್ಪ ಎತ್ತರ ಬೇಕು, ತಂತಿಗಳ ನಡುವೆ ಬೆರಳು ಇಳಿಯುವಷ್ಟು ಜಾಗ ಬೇಕು. ಇನ್ನೂ ಒಂದು ತೊಡಕಿದೆ. ತಟ್ಟಿದಾಗ ಬೆರಳಿನಿಂದ ಬ್ರಿಡ್ಜ್‌ವರೆಗಿನ ತಂತಿ ಮಾತ್ರ ನುಡಿಯುವುದಿಲ್ಲ, ಹಿಂದೆ ನಟ್‌ವರೆಗೆ ಉಳಿದ ತುಂಡೂ ನುಡಿಯುತ್ತದೆ. ಅದನ್ನು ಅಡಗಿಸಲು ನಟ್ ಬಳಿ ಬಟ್ಟೆಯದೋ ಫೋಮಿನದೋ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿ ಕಟ್ಟಿದರೆ ಬಿಡಿ ತಂತಿಗಳು ಮೂಕವಾಗುತ್ತವೆ. ಬೆರಳಲ್ಲಿ ಮೀಟುವವನ ಅರ್ಧ ಸಂಗೀತ ಬಿಡಿ ತಂತಿಯಲ್ಲೇ ಇರುತ್ತದಪ್ಪ! ಹಾಗಾಗಿ ನಿನ್ನ ವಾದ್ಯದಲ್ಲಿ ಆ ಪಟ್ಟಿ ಒಂದೇ ಕೈಯಲ್ಲಿ ಸರಿಸುವ ಹಾಗಿರಬೇಕು, ಸರಿಸಿಡಲು ತಲೆಯ ಕಡೆ ಜಾಗ ಬಿಟ್ಟಿರಬೇಕು. ನೀನು ಬರೆದುಕೊಂಡ ಪಟ್ಟಿಯಲ್ಲಿ ಪಾಲಿಶಿನ ಬಣ್ಣ ಮೂರು ಕಡೆ ಇದೆ, ಇದು ಒಂದು ಕಡೆಯೂ ಇಲ್ಲ.

ಹಿಂದಿನವರು ಏನು ಮಾಡಿದರು ನೋಡು. ಎಮೆಟ್ ಚಾಪ್‌ಮನ್ ಅಮೆರಿಕದಲ್ಲಿ ಎರಡೂ ಕೈ ಸಮವಾಗಿ ತಟ್ಟುವ ಕ್ರಮ ಕಂಡುಕೊಂಡದ್ದು 1969ರಲ್ಲಿ. ಆ ಕ್ರಮಕ್ಕೆಂದೇ ರೂಪಿಸಿದ ಚಾಪ್‌ಮನ್ ಸ್ಟಿಕ್ ಮಾರಾಟಕ್ಕೆ ಬಂದದ್ದು 1974ರಲ್ಲಿ. ಮೊದಲು ಕೈ ಕಲಿತಿತು, ಆಮೇಲೆ ಮರ ಕತ್ತರಿಸಿದರು. ಸ್ಟ್ಯಾನ್ಲಿ ಜೋರ್ಡನ್ 1985ರ ತನ್ನ ‘ಮ್ಯಾಜಿಕ್ ಟಚ್’ ಆಲ್ಬಮ್ಮಿನಿಂದ ಹೆಸರಾದದ್ದು ಆರೇ ತಂತಿಯಲ್ಲಿ. ಎಲ್ಲ ತಂತಿಗಳ ನಡುವೆಯೂ ಒಂದೇ ಅಂತರ ಬರುವ ಹಾಗೆ ಶ್ರುತಿ ಮಾಡಿಕೊಂಡ, ಎಲ್ಲಿ ತಟ್ಟಿದರೂ ಬೆರಳಿನ ಲೆಕ್ಕ ಒಂದೇ. ಬಾಸ್ ಮತ್ತು ಗಿಟಾರ್ ಎರಡನ್ನೂ ಒಬ್ಬನೇ ನುಡಿಸುವ ಚಾರ್ಲಿ ಹಂಟರ್ ಎಂಟು ತಂತಿಯಿಂದ ಹೆಸರು ಮಾಡಿ, ಕೊನೆಗೆ ಒಂದು ತಂತಿ ತೆಗೆಸಿ ಏಳಕ್ಕೆ ಇಳಿದ. ಅಂಥವನೇ ಇಳಿದಿದ್ದಾನೆ ಅಂದರೆ ನೀನು ಒಮ್ಮೆ ಯೋಚಿಸಬೇಡವೇ?

ಅದಕ್ಕೇ ಹೇಳುತ್ತೇನೆ, ಮೊದಲು ಹಳೆಯದೊಂದು ಏಳು ತಂತಿಯ ಗಿಟಾರ್ ಕಡಿಮೆ ಬೆಲೆಗೆ ಹುಡುಕು. ಜೋರ್ಡನ್ ಮಾಡಿದ ಹಾಗೆ ಶ್ರುತಿ ಮಾಡು. ತಂಗಿಯ ಹೇರ್ ಬ್ಯಾಂಡ್ ಒಂದನ್ನು ನಟ್ ಬಳಿ ಸುತ್ತು. ಕೇಳಿ ತಗೋ, ಕದಿಯಬೇಡ. ಒಂದು ಮಳೆಗಾಲ ಪೂರ್ತಿ ಅದರಲ್ಲೇ ನುಡಿಸು. ಕೈ ಎಲ್ಲಿ ನೋಯುತ್ತದೆ, ಹೆಬ್ಬೆರಳು ಎಲ್ಲಿ ತಡವರಿಸುತ್ತದೆ, ಯಾವ ತಂತಿ ವಾರಗಟ್ಟಲೆ ಮುಟ್ಟದೆ ಬಿದ್ದಿದೆ, ಎಲ್ಲ ಬರೆದಿಡು.

ಅಳತೆಯ ವಿಷಯದಲ್ಲಿ ನಿನ್ನ ಆತುರ ಕಂಡರೆ ನನಗೆ ಹೆದರಿಕೆ. ಸಾಮಾನ್ಯ ಗಿಟಾರಿನ ಕೆಳಗಿನ ತಂತಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ, ನಿನ್ನ ಎಂಟನೆಯದು ಎಫ್ ಶಾರ್ಪ್‌ಗೆ ಇಳಿದರೆ 46. ಇಪ್ಪತ್ತೈದೂವರೆ ಇಂಚಿನ ಉದ್ದದಲ್ಲಿ ಅದು ಸಡಿಲವಾಗಿ, ಮಂಕಾಗಿ ನುಡಿಯುತ್ತದೆ. ಸರಿ, 27 ಇಂಚು ಮಾಡೋಣ ಅನ್ನುತ್ತೀಯ. ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡರೆ ಎಳೆತ ನೂರಕ್ಕೆ 12ರಷ್ಟು ಏರುತ್ತದೆ. ಮೇಲಿನ ಸಣ್ಣ ತಂತಿ ಬಿಗಿದುಕೊಂಡು ಬೆರಳು ಕೊಯ್ಯುತ್ತದೆ. ಇದಕ್ಕೇ ಫ್ರೆಟ್‌ಗಳನ್ನು ಬೀಸಣಿಗೆಯಂತೆ ಓರೆಯಾಗಿ ಕೂರಿಸಿ ಬಾಸ್ ಕಡೆ ಉದ್ದ, ಸಣ್ಣ ತಂತಿಯ ಕಡೆ ಗಿಡ್ಡ ಮಾಡುತ್ತಾರೆ. ಹಂಟರ್‌ಗೆ ಗಿಟಾರ್ ಮಾಡಿಕೊಟ್ಟ ರಾಲ್ಫ್ ನೋವಾಕ್ 1989ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಓರೆ ಎಷ್ಟಿರಬೇಕು ಎಂಬುದನ್ನು ಫೋಟೋ ನೋಡಿ ತೀರ್ಮಾನಿಸಬೇಡ, ನಿನ್ನ ಮಣಿಕಟ್ಟನ್ನು ಕೇಳು.

ಬ್ರಿಡ್ಜ್ ಬಳಿ ತಂತಿಯಿಂದ ತಂತಿಗೆ 10.5 ಮಿಲಿಮೀಟರ್ ಇಟ್ಟರೆ ಎಂಟು ತಂತಿ 73.5 ಮಿಲಿಮೀಟರ್ ಹರಡುತ್ತವೆ. ಮೀಟಲು ಹಾಯಾಗಿರಲಿ ಎಂದು 11.5 ಮಾಡಿದರೆ 80.5. ಏಳು ಮಿಲಿಮೀಟರ್ ಏನು ಮಹಾ ಅನ್ನಬೇಡ. ಅದನ್ನು ಗಂಟೆಗಟ್ಟಲೆ ಹಿಡಿಯುವ ಕೈ ನಿನ್ನದು. ಪ್ಲೈವುಡ್ಡಿನಲ್ಲಿ ಎರಡೂ ಅಗಲದ ನೆಕ್ ಕತ್ತರಿಸಿ, ಗೆರೆ ಎಳೆದು, ಟಿವಿ ನೋಡುವಾಗ ತೊಡೆಯ ಮೇಲಿಟ್ಟು ಬೆರಳಾಡಿಸು. ನೂರು ರೂಪಾಯಿಯ ಹಲಗೆ ದೊಡ್ಡ ನಷ್ಟ ತಪ್ಪಿಸುತ್ತದೆ.

ಮರಕ್ಕೆ ದೂರ ಹೋಗಬೇಕಿಲ್ಲ. ಫ್ರೆಟ್ ಹಲಗೆಗೆ ನಮ್ಮ ಪಶ್ಚಿಮಘಟ್ಟದ ಬೀಟೆಯೇ ಸಾಕು. ಗಿಟಾರ್ ಮಾಡುವ ಮಾರ್ಟಿನ್ ಕಂಪನಿಯವರು ಬ್ರೆಜಿಲ್‌ನ ಬೀಟೆ ಸಿಗದಾದಾಗ 1969ರಲ್ಲಿ ಭಾರತದ ಬೀಟೆಗೇ ಬಂದರು. ರಸೀದಿ ಇಲ್ಲದ ತುಂಡನ್ನು ಮಾತ್ರ ಮುಟ್ಟಬೇಡ. ಹಸಿ ಮರವಂತೂ ಬೇಡವೇ ಬೇಡ. ಆರು ತಂತಿಯೇ ನಲವತ್ತೈದು ಕಿಲೋಗೂ ಮೇಲೆ ಎಳೆಯುತ್ತವೆ. ಎಂಟಕ್ಕೆ ನೆಕ್ ಬಾಗದಿರಲು ಮೂರೋ ಐದೋ ಪಟ್ಟಿ ಅಂಟಿಸಿದ ಒಣ ಮರ ಬೇಕು, ಟ್ರಸ್ ರಾಡ್ ಪಕ್ಕ ಕಾರ್ಬನ್ ಕಡ್ಡಿಗಳಿದ್ದರೆ ಇನ್ನೂ ಒಳ್ಳೆಯದು. ಫ್ರೆಟ್‌ಗಳನ್ನು ಮಟ್ಟ ಮಾಡಿಸುವುದರಲ್ಲಿ ದುಡ್ಡು ಉಳಿಸಬೇಡ. ಒಂದೇ ಒಂದು ಫ್ರೆಟ್ ಕೂದಲೆಳೆಯಷ್ಟು ಎದ್ದಿದ್ದರೂ ತಂತಿ ಇಳಿಸಲಾಗುವುದಿಲ್ಲ, ಟ್ಯಾಪಿಂಗ್ ಅಲ್ಲಿಗೇ ಮುಗಿಯಿತು.

ಕೆಲಸಗಾರನಿಗೆ ಮರ್ಯಾದೆ ಕೊಡು. ಅಳತೆ ಒಂದು ಹಾಳೆಯಲ್ಲಿ ಬರೆದುಕೊಡು. ದಿನಾ ಫೋನ್ ಮಾಡಿ ಪೀಡಿಸಬೇಡ. ಮರಕ್ಕೆ ಗರಗಸ ಬಿದ್ದ ಮೇಲೆ “ಅಣ್ಣಾ, ಒಂಬತ್ತು ತಂತಿ ಆಗುತ್ತಾ?” ಅಂತ ಕೇಳಲೇಬೇಡ. ಮಳೆಗಾಲ ಮುಗಿದ ಮೇಲೂ ಎಂಟನೆಯ ತಂತಿ ಬೇಕೇ ಬೇಕು ಅನ್ನಿಸಿದರೆ ನಿನ್ನ ಟಿಪ್ಪಣಿ ತಗೊಂಡು ಬಾ, ಅವನ ಹತ್ತಿರ ಮಾತಾಡಲು ನಾನೂ ಬರುತ್ತೇನೆ.