‘ಏನ್ರೀ’ ಮತ್ತು ‘ಏನೋ’

ಬೆಳಗಿನ ಜಾವ ನಾಲ್ಕೂವರೆ. ಕೆ.ಆರ್. ಮಾರ್ಕೆಟ್ಟಿಗೆ ಹೂವು ಬಂದಿಳಿಯುವ ಹೊತ್ತು. ಸೇವಂತಿಗೆ ಮೂಟೆ ಹೊತ್ತು ಓಡುವವರ ಕಾಲುಗಳು ಬೀದಿದೀಪದ ಬೆಳಕಲ್ಲಿ ಗೆರೆಗಳಂತೆ ಮೂಡಬೇಕೆಂಬ ಆಸೆಯಿಂದ ಮೇಲ್ಸೇತುವೆಯ ಕೆಳಗೆ ಟ್ರೈಪಾಡ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಹಿಂದೆ ಲಾಠಿ ನೆಲಕ್ಕೆ ತಾಗಿದ ಸದ್ದು. “ಏನ್ರೀ, ಏನ್ ಮಾಡ್ತಿದೀರ ಇಲ್ಲಿ?” ಒಂದು ಪಕ್ಕ ಮೇಲಕ್ಕೆ ಮಡಚಿದ ಟೋಪಿಯ ಹೆಡ್ ಕಾನ್‌ಸ್ಟೆಬಲ್. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಪಕ್ಕದಲ್ಲಿ ಖಾಲಿ ಚೀಲದ ಮೇಲೆ ಕೂತು ಬೀಡಿ ಸೇದುತ್ತಿದ್ದ ಹಮಾಲರೊಬ್ಬರ ಮೇಲೆ ಬಿತ್ತು. “ಏನೋ, ನಿಂದೇನೋ ಇಲ್ಲಿ? ಏಳೋ ಮೇಲೆ.” ಆ ಹಮಾಲರು ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಹೆಡ್ ಕಾನ್‌ಸ್ಟೆಬಲ್‌ಗಿಂತಲೂ ದೊಡ್ಡವರೇ ಇರಬೇಕು. ಬೀಡಿ ಆರಿಸಿ, ಚೀಲ ಮಡಚಿಕೊಂಡು ಎದ್ದು ಹೋದರು.

ಆವತ್ತು ಅದು ನನ್ನ ಮನಸ್ಸಿಗೆ ನಾಟಲೇ ಇಲ್ಲ. ಕ್ಯಾಮೆರಾ ಉಳಿಯಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ವಾರದ ದಿನಗಳಲ್ಲಿ ನಾನು ಲೆಕ್ಕ ಬರೆಯುವವನು. ಭಾನುವಾರ ಕ್ಯಾಮೆರಾ ಹಿಡಿದು ಬೆಂಗಳೂರು ಸುತ್ತುವವನು. ಹದಿನೈದು ವರ್ಷದಲ್ಲಿ ಪೊಲೀಸರು ನನ್ನನ್ನು ಎಷ್ಟು ಸಲ ನಿಲ್ಲಿಸಿದ್ದಾರೋ ಲೆಕ್ಕ ಇಟ್ಟಿಲ್ಲ. ಕಾರಣ ಮಾತ್ರ ಎರಡರಲ್ಲಿ ಒಂದು: ಕೈಯಲ್ಲಿದ್ದ ಕ್ಯಾಮೆರಾ, ಇಲ್ಲವೇ ಕೈಯಲ್ಲಿದ್ದ ಬಾಟಲಿ. ಬಾಟಲಿಯ ಪ್ರಸಂಗ ಒಂದೇ ಸಲದ್ದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕ್ಯಾಮೆರಾ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. “ಪರ್ಮಿಷನ್ ಇದೆಯಾ?” ಎಂಬುದು ಎಲ್ಲ ಪೊಲೀಸರ ಮೊದಲ ಪ್ರಶ್ನೆ. ಸಾರ್ವಜನಿಕ ರಸ್ತೆಯಲ್ಲಿ ನಿಂತು ರಸ್ತೆಯ ಚಿತ್ರ ತೆಗೆಯಲು ಅನುಮತಿ ಪತ್ರ ಬೇಕೆಂಬ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ತೆಗೆಯಬಾರದ ಜಾಗಗಳು ಇವೆ, ಅವು ಬೇರೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನೆಗೆ ಸಂಬಂಧಿಸಿದಂಥ ಕೆಲವು ಜಾಗಗಳನ್ನು ನಿಷೇಧಿತ ಸ್ಥಳ ಎನ್ನುತ್ತದೆ. ವಿಮಾನ ನಿಲ್ದಾಣಕ್ಕೆ, ರೈಲ್ವೆಗೆ, ತೋಟಗಾರಿಕೆ ಇಲಾಖೆಯ ಉದ್ಯಾನಗಳಿಗೆ ಅವರವರದೇ ನಿಯಮ. ಹಲಸೂರು ಕೆರೆಯ ದಂಡೆಯಲ್ಲಿ ಒಮ್ಮೆ ಕೊಕ್ಕರೆಯ ಹಿಂದೆ ಬಿದ್ದು ಸೇನೆಯ ಬೇಲಿಯವರೆಗೂ ಹೋಗಿಬಿಟ್ಟಿದ್ದೆ. ಫಲಕ ನನ್ನ ತಲೆಯ ಮೇಲೇ ಇತ್ತು, ಓದಿರಲಿಲ್ಲ. ಅಲ್ಲಿ ನನ್ನನ್ನು ತಡೆದವರದು ಪೂರ್ತಿ ಸರಿ, ತಪ್ಪು ಪೂರ್ತಿ ನನ್ನದು. ಕ್ಷಮೆ ಕೇಳಿದೆ, ಚಿತ್ರಗಳನ್ನು ಅವರಿಗೆ ತೋರಿಸಿದೆ, ಬಂದ ದಾರಿಯಲ್ಲೇ ವಾಪಸಾದೆ.

ಕಷ್ಟವಿರುವುದು ಫಲಕವಿಲ್ಲದ ಜಾಗಗಳಲ್ಲಿ. ಇದನ್ನು ನಾನು ಒಂದು ಠಾಣೆಯ ಮರದ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತು ಕಲಿತೆ. ಎಳೆಯ ವಯಸ್ಸಿನ ಕಾನ್‌ಸ್ಟೆಬಲ್ ಒಬ್ಬರು ಟ್ರೈಪಾಡ್ ತೆಗೆಯಿರಿ ಎಂದಾಗ, “ಯಾವ ಕಲಂ ಪ್ರಕಾರ?” ಎಂದು ಕೇಳಿದ್ದೆ. ಪ್ರಶ್ನೆ ನ್ಯಾಯವಾದದ್ದೇ. ಕೇಳಿದ ದನಿ ಮಾತ್ರ, ನಿನಗೇನು ಗೊತ್ತು ಎಂಬಂತಿತ್ತು. ಸುತ್ತ ಜನ ಸೇರಿದ್ದರು. ಅಷ್ಟು ಜನರ ಮುಂದೆ ಅವರಿಗೆ ಹಿಂದೆ ಸರಿಯುವ ದಾರಿಯನ್ನೇ ನಾನು ಉಳಿಸಿರಲಿಲ್ಲ. ಠಾಣೆಯಲ್ಲಿ ಸಾಹೇಬರು ರೌಂಡ್ಸ್ ಮುಗಿಸಿ ಬಂದು, ನನ್ನ ಗುರುತಿನ ಚೀಟಿ ನೋಡಿ, “ಹೋಗಿ ಸಾರ್” ಎಂದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹರಕು ಬನಿಯನ್ನಿನ ಹುಡುಗನೊಬ್ಬ ನಾನು ಬರುವ ಮೊದಲಿಂದ ಕೂತಿದ್ದ, ನಾನು ಹೋಗುವಾಗಲೂ ಕೂತೇ ಇದ್ದ.

ಆಮೇಲಿನಿಂದ ನನ್ನ ಕ್ರಮ ಬದಲಾಯಿತು. ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಲ್ಲಬೇಕಾದರೆ, ಬೀಟಿನಲ್ಲಿರುವವರು ನನ್ನ ಬಳಿ ಬರುವ ಮೊದಲು ನಾನೇ ಅವರ ಬಳಿ ಹೋಗುತ್ತೇನೆ. ನಮಸ್ಕಾರ ಹೇಳಿ, ಇಂಥದ್ದನ್ನು ತೆಗೆಯುತ್ತಿದ್ದೇನೆ, ಇಷ್ಟು ಹೊತ್ತಾಗುತ್ತದೆ ಎನ್ನುತ್ತೇನೆ. ಚೀಲದಲ್ಲಿ ಪ್ರಿಂಟ್ ಹಾಕಿಸಿದ ಹತ್ತು ಹನ್ನೆರಡು ಚಿತ್ರಗಳ ಸಣ್ಣ ಆಲ್ಬಂ ಇರುತ್ತದೆ. ಮೊಬೈಲಿನಲ್ಲಿ ತೋರಿಸಿದ ಚಿತ್ರಕ್ಕಿಂತ ಕೈಗೆ ಕೊಟ್ಟ ಚಿತ್ರಕ್ಕೆ ಹೆಚ್ಚು ಬೆಲೆ. ರಾತ್ರಿ ಪಾಳಿಯಲ್ಲಿ ಗಂಟೆಗಟ್ಟಲೆ ನಿಂತು ಕಾಲು ಊದಿಸಿಕೊಂಡ ಮನುಷ್ಯನಿಗೆ ಎರಡು ನಿಮಿಷ ಮಾತಾಡುವ ನೆಪವೂ ಆಗುತ್ತದೆ. ಬಂದೋಬಸ್ತಿಗೆ ಹಾಕಿದರೆ ಊಟದ ಹೊತ್ತು ಗೊತ್ತಿಲ್ಲ, ವಾರದ ರಜೆ ಖಾತ್ರಿಯಿಲ್ಲ, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಲಾಗಲಿಲ್ಲ ಎಂದು ಒಬ್ಬರು ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ನನ್ನೆದುರು ಹೇಳಿಕೊಂಡಿದ್ದರು. ಪೊಲೀಸರ ಮೇಲಿನ ನನ್ನ ಸಿಟ್ಟು ಅಂಥ ಮಾತುಗಳಿಂದ ಕಡಿಮೆಯಾಯಿತು. ಹೋಗಲಿಲ್ಲ, ಕಡಿಮೆಯಾಯಿತು.

ಈಗ ಬಾಟಲಿಯ ಕತೆ. ಇಸವಿ 2013. ಸೈಟುಗಳಾಗಿ ಇನ್ನೂ ಮನೆ ಏಳದ ಬಡಾವಣೆಯೊಂದರ ಕೊನೆಯ ರಸ್ತೆ. ಮೂವರು ಗೆಳೆಯರು, ಒಂದು ಕಾರು, ನಾಲ್ಕು ಬಿಯರ್, ಒಂದು ಪೊಟ್ಟಣ ಕಡ್ಲೆಬೀಜ. ಪೊಲೀಸರ ಹೊಯ್ಸಳ ಗಸ್ತು ಗಾಡಿ ಬಂದು ನಿಂತಿತು. “ಇಳೀರಿ ಸಾರ್ ಕೆಳಗೆ.” ನಾವು ತಪ್ಪು ಮಾಡುತ್ತ ಸಿಕ್ಕಿಬಿದ್ದಾಗಲೂ ‘ಸಾರ್’. “ಇದು ನಮ್ಮ ಸ್ವಂತ ಕಾರು, ಒಳಗೆ ಏನು ಮಾಡಿದರೇನು?” ಎಂದು ಗೆಳೆಯ ವಾದಕ್ಕಿಳಿದ. ಅದು ನಿಲ್ಲುವ ವಾದವಲ್ಲ. ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಇದೇ: ಸಾರ್ವಜನಿಕ ರಸ್ತೆಯಲ್ಲಿ ನಿಂತ ಖಾಸಗಿ ವಾಹನವೂ ಸಾರ್ವಜನಿಕ ಸ್ಥಳವೇ. ನಮ್ಮಲ್ಲಿ ಇದಕ್ಕೆ ಬಳಸುವುದು ಕರ್ನಾಟಕ ಅಬಕಾರಿ ಕಾಯ್ದೆ. ಜಿಲ್ಲಾ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ಕಲಂ 15(ಎ), 32(3) ಕೆ.ಇ. ಆ್ಯಕ್ಟ್’ ಎಂದು ಕಾಣುವುದೆಲ್ಲ ಹೀಗೆ ರಸ್ತೆ ಬದಿ, ಕೆರೆ ಏರಿ, ಹೋಟೆಲ್ ಹಿಂಭಾಗದಲ್ಲಿ ಕುಡಿದವರ, ಕುಡಿಯಲು ಜಾಗ ಕೊಟ್ಟವರ ಕೇಸುಗಳೇ.

ನಮ್ಮ ಮೇಲೆ ಆ ಕೇಸು ಬೀಳಲಿಲ್ಲ. “ಇಲ್ಲೇ ಮುಗಿಸ್ಕೊಳ್ತೀರಾ, ಸ್ಟೇಷನ್‌ಗೆ ಬರ್ತೀರಾ?” ಎಂದರು. ಮೂವರೂ ಜೇಬು ತಡಕಿ ಎರಡು ಸಾವಿರ ಕೂಡಿಸಿ ಕೊಟ್ಟೆವು. ರಸೀದಿ ಇಲ್ಲ, ಹೆಸರು ಬರೆಯಲಿಲ್ಲ. “ನಿಧಾನಕ್ಕೆ ಹೋಗಿ ಸಾರ್” ಎಂದು ದಾರಿ ಬಿಟ್ಟರು. ಕುಡಿದಿದ್ದ ಗೆಳೆಯನೇ ಕಾರು ಓಡಿಸಿದ.

ಈ ಕೊನೆಯ ವಾಕ್ಯ ಬರೆಯುವಾಗ ಈಗಲೂ ಕೈ ತಡೆಯುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಈಗ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆ ರಾತ್ರಿ ನಮ್ಮನ್ನು ಠಾಣೆಗೆ ಕರೆದೊಯ್ದಿದ್ದರೆ ರಸ್ತೆಯಲ್ಲಿ ನಡೆಯುತ್ತಿದ್ದ ಯಾರೋ ಒಬ್ಬರಿಗೆ ಒಳ್ಳೆಯದಾಗುತ್ತಿತ್ತು. ಕೊಟ್ಟ ಎರಡು ಸಾವಿರದಲ್ಲಿ ನಾವು ಕೊಂಡದ್ದು ಬೇರೆಯವರ ಪ್ರಾಣದ ಮೇಲಿನ ಅಪಾಯವನ್ನು. ತೆಗೆದುಕೊಂಡವರಷ್ಟೇ ತಪ್ಪು ಕೊಟ್ಟವರದ್ದೂ. ಅಂದಿನಿಂದ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ನಾನು ಕೊಟ್ಟಿಲ್ಲ, ಹಾಗೆ ಹೊರಗೆ ಕೂತು ಕುಡಿದೂ ಇಲ್ಲ.

ಕೊಡದೆ ಇರುವುದು, ಕೊಟ್ಟರೂ ಬಾಯಿ ಬಿಡುವುದು ವ್ಯರ್ಥವಲ್ಲ. 2022ರ ಡಿಸೆಂಬರಿನಲ್ಲಿ ಇದೇ ಬೆಂಗಳೂರಿನಲ್ಲಿ, ರಾತ್ರಿ ಹನ್ನೊಂದರ ಮೇಲೆ ಓಡಾಡಬಾರದೆಂದು ಗಂಡ ಹೆಂಡಿರನ್ನು ತಡೆದ ಗಸ್ತು ಪೊಲೀಸರು ಮೂರು ಸಾವಿರ ಕೇಳಿ, ಕೊನೆಗೆ ಕ್ಯೂಆರ್ ಕೋಡ್ ಹಿಡಿದು ಒಂದು ಸಾವಿರ ಹಾಕಿಸಿಕೊಂಡಿದ್ದರು. ಅಂಥ ನಿಯಮವೇ ಇರಲಿಲ್ಲ. ಆ ಗಂಡ ಎಲ್ಲವನ್ನೂ ಬಹಿರಂಗವಾಗಿ ಬರೆದು ಪೊಲೀಸ್ ಕಮಿಷನರರ ಗಮನಕ್ಕೆ ತಂದರು. ಇಬ್ಬರು ಪೊಲೀಸರು ಅಮಾನತಾದರು. ಆದರೆ ಆ ದಂಪತಿಗೆ ಬರೆಯಲು ಬರುತ್ತಿತ್ತು, ಬರೆದದ್ದನ್ನು ಓದುವ ಜನರಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಹಾಗೆ ಬರೆದು ಹೇಳಿಕೊಳ್ಳಲಾಗದವರ ಪಾಡನ್ನು ನಾನು ಕಣ್ಣಾರೆ ಕಂಡದ್ದು ಒಂದು ವೈನ್ಸ್ ಅಂಗಡಿಯ ಮುಂದೆ. ಮಾಗಿಯ ಒಂದು ಸಂಜೆ, ಏಳರ ಹೊತ್ತು. ಸಿಎಲ್-2 ಲೈಸೆನ್ಸಿನ ಅಂಗಡಿ. ಅಲ್ಲಿ ಕೊಳ್ಳಬಹುದು, ಅಲ್ಲಿ ಕುಡಿಯುವಂತಿಲ್ಲ. ಗಾರೆ ಕೆಲಸ ಮುಗಿಸಿ ಬಂದ ಒಬ್ಬರು, ಮೊಣಕೈವರೆಗೂ ಸಿಮೆಂಟು ಒಣಗಿದೆ, 90 ಎಂ.ಎಲ್. ಟೆಟ್ರಾ ಪ್ಯಾಕ್ ಕೊಂಡು ಪಕ್ಕದ ಟ್ರಾನ್ಸ್‌ಫಾರ್ಮರ್ ಕಂಬದ ಹಿಂದೆ ನಿಂತು ಹಲ್ಲಿನಿಂದ ಹರಿದರು. ಅಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಪೊಲೀಸರು. “ಲೇ, ಬಾರೋ ಇಲ್ಲಿ.” ಕಪಾಳಕ್ಕೆ ಒಂದು, ಬೆನ್ನಿಗೆ ಎರಡು. ಪ್ಯಾಕೆಟ್ಟು ಚರಂಡಿಗೆ. ಎರಡು ಬೀದಿ ಆಚೆಯ ಪಬ್ಬಿನ ಮಹಡಿಯಿಂದ ಸಂಗೀತ ಕೇಳುತ್ತಿತ್ತು. ಅಲ್ಲಿಯೂ ಜನ ಕುಡಿಯುತ್ತಿದ್ದರು. ಅವರಿಗೆ ಕೂರಲು ಕುರ್ಚಿ ಇತ್ತು, ಕುರ್ಚಿಯ ಬೆಲೆಯನ್ನು ಬಿಲ್ಲಿನಲ್ಲಿ ಕೊಡುವ ಶಕ್ತಿ ಇತ್ತು.

ನಮ್ಮ ಊರಿನ ಸಾರಾಯಿ ಅಂಗಡಿ ನನಗೆ ನೆನಪಿದೆ. ಮುಂದೊಂದು ಕಲ್ಲು ಜಗುಲಿ, ಉಪ್ಪಿನಕಾಯಿ ಮಾರುವ ಅಜ್ಜಿ. ಒಳ್ಳೆಯ ಜಾಗವೆಂದು ಹೇಳುತ್ತಿಲ್ಲ, ಎಷ್ಟೋ ಮನೆಗಳು ಆ ಜಗುಲಿಯಲ್ಲೇ ಮುಳುಗಿದವು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಷೇಧಿಸಿತು. ಕುಡಿಯುವವರು ಟೆಟ್ರಾ ಪ್ಯಾಕಿಗೆ ಬಂದರು, ಜಗುಲಿ ಮಾತ್ರ ಹೋಯಿತು. 2025–26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಆ ಹಣದಲ್ಲಿ ಕಂಬದ ಹಿಂದೆ ನಿಂತವರ ಪಾಲೂ ಇದೆ. ಸರ್ಕಾರವೇ ಲೈಸೆನ್ಸ್ ಕೊಟ್ಟ ಅಂಗಡಿಯಲ್ಲಿ ಕೊಂಡದ್ದನ್ನು, ಹತ್ತು ಜನ ಮಲಗುವ ತಗಡಿನ ಶೆಡ್ಡಿಗೆ ಹೋಗಿಯೇ ಕುಡಿಯಬೇಕು ಎಂದು ಕಾನೂನು ಅವರಿಗೆ ಹೇಳುತ್ತದೆ.

ನಾನು ಚಿತ್ರ ತೆಗೆದಿದ್ದೆ. ಎತ್ತಿದ ಕೈ, ಮುಖ ಮುಚ್ಚಿಕೊಂಡ ಎರಡು ಸಿಮೆಂಟು ಕೈ. ಪೊಲೀಸರಿಗೆ ಕಾಣಿಸಿತು. “ಡಿಲೀಟ್ ಮಾಡಿ ಸಾರ್.” ನನಗೆ ‘ಸಾರ್’. ಡಿಲೀಟ್ ಮಾಡಿದೆ. ಹಾಗೆ ಮಾಡಿಸುವ ಅಧಿಕಾರ ಅವರಿಗಿಲ್ಲವೆಂದು ಗೊತ್ತಿತ್ತು. ಚಿತ್ರ ಅಪರಾಧಕ್ಕೆ ಸಂಬಂಧಿಸಿದ್ದಾದರೆ ಕ್ಯಾಮೆರಾ ವಶಪಡಿಸಿಕೊಂಡು ಮಹಜರು ಬರೆದು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸಂಬಂಧವಿಲ್ಲದಿದ್ದರೆ ಮುಟ್ಟುವಂತಿಲ್ಲ. ಅಳಿಸಿಹಾಕು ಎಂಬ ಮೂರನೆಯ ದಾರಿ ಕಾನೂನಿನಲ್ಲಿ ಇಲ್ಲ. ಠಾಣೆಯೊಳಗೆ ವಿಡಿಯೊ ಮಾಡುವುದು ಕೂಡ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಅಪರಾಧವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಇದೆಲ್ಲ ಓದಿಕೊಂಡವನು ನಾನು. ಹೆದರಿ ಬೆರಳು ಒತ್ತಿದೆ.

ಎಷ್ಟೋ ರಾತ್ರಿ ಆ ಚಿತ್ರ ಉಳಿಸಿಕೊಳ್ಳಬೇಕಿತ್ತು ಎಂದುಕೊಂಡಿದ್ದೇನೆ. ಬಹಳ ದಿನದ ಮೇಲೆ ಇನ್ನೊಂದು ಹೊಳೆಯಿತು. ಮುಖ ಮುಚ್ಚಿಕೊಂಡ ಆ ಕೈಗಳು ಪೆಟ್ಟಿಗಷ್ಟೇ ಅಡ್ಡ ಬಂದದ್ದಲ್ಲ, ನನ್ನ ಲೆನ್ಸಿಗೂ ಅಡ್ಡ ಬಂದಿರಬಹುದು. ಚಿತ್ರ ತೆಗೆಯಲೇ ಎಂದು ಆ ಮನುಷ್ಯರನ್ನು ನಾನು ಕೇಳಿರಲಿಲ್ಲ. ಪೊಲೀಸರು ಹೋದ ಮೇಲೂ ಹೆಸರು ಕೇಳಲಿಲ್ಲ, ನೋವಾಯಿತೇ ಎನ್ನಲಿಲ್ಲ. ನನ್ನ ಕ್ಯಾಮೆರಾ ಕೂಡ ಅವರನ್ನು ಏಕವಚನದಲ್ಲೇ ನೋಡಿತ್ತು.

ಪೊಲೀಸರು ಜನರನ್ನು ‘ಎಡಾ’, ‘ಎಡಿ’ ಎಂದು ಏಕವಚನದಲ್ಲಿ ಕರೆಯಕೂಡದು ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿತು. ಅಲ್ಲಿನ ಪೊಲೀಸ್ ಮುಖ್ಯಸ್ಥರು ಸುತ್ತೋಲೆಯನ್ನೂ ಹೊರಡಿಸಿದರು. ಆ ಸುದ್ದಿ ಓದಿದ ದಿನ ಮಾರ್ಕೆಟ್ಟಿನ ಹಮಾಲರು ಕಣ್ಣಿಗೆ ಬಂದರು. ಏಟು ‘ಏನೋ’ ಎಂಬಲ್ಲಿಂದಲೇ ಶುರುವಾಗುತ್ತದೆ. ‘ಏನ್ರೀ’ ಎಂದು ಕರೆದವರ ಕಪಾಳಕ್ಕೆ ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ.

ಕಳೆದ ವರ್ಷ ಮತ್ತೊಂದು ಬಡಾವಣೆಯಲ್ಲಿ, ಮತ್ತೊಂದು ವೈನ್ಸ್ ಮುಂದೆ, ಅದೇ ಬಗೆಯ ದೃಶ್ಯ ಎದುರಾಯಿತು. ಚಪ್ಪಡಿ ಕಲ್ಲಿನ ಮೇಲೆ ಕೂತು ಕ್ವಾರ್ಟರ್ ಬಿಚ್ಚಿದ್ದ ಐವತ್ತರ ಆಸುಪಾಸಿನವರು, ಮುಂದೆ ಒಬ್ಬ ಎ.ಎಸ್.ಐ., ಒಬ್ಬ ಕಾನ್‌ಸ್ಟೆಬಲ್. ಕ್ಯಾಮೆರಾ ಹೆಗಲಲ್ಲೇ ಇತ್ತು. ಮುಚ್ಚಳ ತೆಗೆಯಲಿಲ್ಲ. ಹತ್ತು ಅಡಿ ದೂರದಲ್ಲಿ ನಿಂತೆ, ಅಷ್ಟೆ. “ನಿಮಗೇನ್ರೀ?” ಎಂದರು ಎ.ಎಸ್.ಐ. “ಏನಿಲ್ಲ ಸಾರ್, ನಿಂತಿದೀನಿ” ಎಂದೆ. ಎದೆಯ ಮೇಲಿನ ಹೆಸರಿನ ಪಟ್ಟಿ ಕಾಣುವಷ್ಟು ಬೆಳಕಿತ್ತು, ನಾನದನ್ನು ಓದಿದ್ದು ಅವರಿಗೂ ಗೊತ್ತಾಯಿತು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎ.ಎಸ್.ಐ. ಪುಸ್ತಕ ತೆಗೆದರು. ಹೆಸರು, ತಂದೆ ಹೆಸರು, ಊರು, ಕೆಲಸ ಕೇಳಿ ಬರೆದರು. ಪೆಟ್ಟಿ ಕೇಸ್. ಇಂಥ ದಿನ ಕೋರ್ಟಿಗೆ ಬಂದು ದಂಡ ಕಟ್ಟಬೇಕೆಂದು ಹೇಳಿ ಒಂದು ಕಾಗದ ಹರಿದು ಕೊಟ್ಟರು. ಕೈ ಎತ್ತಲಿಲ್ಲ. ಹೋಗುವಾಗ, “ಇನ್ಮೇಲೆ ಹಿಂಗೆಲ್ಲ ಕೂರ್ಬೇಡಿ” ಎಂದರು. ಕೂರ್ಬೇಡಿ.

ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಆ ಹಿರಿಯರು ಕಾಗದವನ್ನು ನನ್ನತ್ತ ಚಾಚಿದರು. ಓದಲು ಬರುವುದಿಲ್ಲವಂತೆ. ಯಾದಗಿರಿ ಕಡೆಯವರು, ಮೂರು ತಿಂಗಳಿಂದ ಸೆಂಟ್ರಿಂಗ್ ಕೆಲಸ. ನಿಮ್ಮ ಹೆಸರು ಸರಿಯಾಗಿ ಬರೆದಿದ್ದಾರೆ, ತಾರೀಖು ಮುಂದಿನ ಬುಧವಾರದ್ದು, ಬೆಳಗ್ಗೆ ಹತ್ತೂವರೆಗೆ ಅಲ್ಲಿರಬೇಕು ಎಂದು ಓದಿ ಹೇಳಿದೆ. ಬಸ್ ನಂಬರನ್ನೂ ಹಿಂದೆ ಬರೆದುಕೊಟ್ಟೆ. ಅವರು ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಬೆರಳೆಣಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬುಧವಾರ ಅಂದ್ರ ಅವತ್ತಿಂದು ಪಗಾರ ಹೋತಲ್ರೀ ಸರ?” ಎಂದು ಕೇಳಿದರು.