ಪ್ಯಾಕೇಜ್ ನೋಡಿ ಮರುಳಾಗಬೇಡಿ

ಸಿಇಟಿ ಬರೆದು ಎಂಜಿನಿಯರಿಂಗ್ ಕಾಲೇಜು ಹುಡುಕುತ್ತಿದ್ದೀರಾ? ‘ಶೇ 100 ಪ್ಲೇಸ್‌ಮೆಂಟ್’ ಎಂಬ ಫಲಕ ಕಂಡರೆ, ಆ ಲೆಕ್ಕ ಇಡೀ ತರಗತಿಯದ್ದೋ, ಪ್ಲೇಸ್‌ಮೆಂಟ್‌ಗೆ ಅರ್ಹರಾದವರದ್ದು ಮಾತ್ರವೋ ಎಂದು ಕೇಳಿ. ಒಬ್ಬರಿಗೇ ಬಂದ ಮೂರು ಆಫರ್‌ಗಳನ್ನು ಮೂರೆಂದು ಎಣಿಸಿದ್ದಾರೆಯೇ ಎಂದೂ ವಿಚಾರಿಸಿ.

ಸರಾಸರಿ ಸಂಬಳವನ್ನೂ ಸುಮ್ಮನೆ ನಂಬಬೇಡಿ. ನಾಲ್ವರಿಗೆ ವರ್ಷಕ್ಕೆ 4 ಲಕ್ಷ, ಒಬ್ಬರಿಗೆ 44 ಲಕ್ಷ ಸಿಕ್ಕರೆ ಸರಾಸರಿ 12 ಲಕ್ಷ. ನಟ್ಟನಡುವಿನ ಮೊತ್ತ, ಅಂದರೆ ಮಧ್ಯಾಂಕ, ಬರೀ 4 ಲಕ್ಷ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಸಕಾಲಕ್ಕೆ ಪದವಿ ಮುಗಿಸಿದವರು, ಕೆಲಸ ಸಿಕ್ಕವರು, ಉನ್ನತ ವ್ಯಾಸಂಗಕ್ಕೆ ಹೋದವರ ಸಂಖ್ಯೆಯ ಜೊತೆ ಈ ಮಧ್ಯಾಂಕವೂ ಇರುತ್ತದೆ. ಅದನ್ನು ತಪ್ಪದೆ ಓದಿ.

ಎರಡು-ಮೂರು ವರ್ಷ ಹಿಂದೆ ಪಾಸಾದವರನ್ನೂ ಮಾತನಾಡಿಸಿ. ಅಲ್ಲಿ ಕಲಿತದ್ದು ಉಪಯೋಗಕ್ಕೆ ಬಂತೇ ಎಂದು ಕೇಳಿ. ಆಮೇಲಷ್ಟೇ ಆಪ್ಷನ್ ಎಂಟ್ರಿ ಮಾಡಿ.