ಡಿಎನ್ಎಯಲ್ಲಿ ಓದಬಹುದಾದ ತಾಯಿಸಾಲು

ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ. ಅವಕ್ಕೆ ತಮ್ಮದೇ ಡಿಎನ್ಎ ಉಂಟು, 16,569 ಅಕ್ಷರಗಳಷ್ಟು ಉದ್ದ. ಅದು ಬರುವುದು ತಾಯಿಯಿಂದ. ಮಗನಿಗೂ ಸಿಗುತ್ತದೆ, ಆದರೆ ಅವನ ಮಕ್ಕಳಿಗೆ ದಾಟುವುದಿಲ್ಲ. ಹೀಗೆ ತಾಯಿಯಿಂದ ಮಗಳಿಗೆ ಸಾಗುವ ಎಳೆಯೇ ತಾಯಿಸಾಲು.

ತಾಳೆಗರಿ ನಕಲು ಮಾಡುವಾಗ ಲಿಪಿಕಾರ ಒಂದು ಅಕ್ಷರ ತಪ್ಪಿದರೆ, ಆ ಪ್ರತಿಯಿಂದ ಮುಂದೆ ಬರೆದುಕೊಂಡ ಪ್ರತಿಗಳಲ್ಲೂ ಅದೇ ತಪ್ಪು ಉಳಿಯುತ್ತದೆ. ಗ್ರಂಥಸಂಪಾದಕರು ಇಂಥ ತಪ್ಪುಗಳನ್ನು ಹೋಲಿಸಿಯೇ ಪ್ರತಿಗಳ ನಂಟನ್ನು ಗುರುತಿಸುತ್ತಾರೆ. ಡಿಎನ್ಎ ಓದುವ ಬಗೆಯೂ ಇದೇ. ವಿಜ್ಞಾನಿಗಳಾದ ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಮೂವರೂ 1987ರಲ್ಲಿ ಬೇರೆ ಬೇರೆ ನಾಡುಗಳ ಮೂಲದ 147 ಜನರ ಮಾದರಿಗಳನ್ನು ಹೀಗೆ ಹೋಲಿಸಿದರು. ಎಲ್ಲ ತಾಯಿಸಾಲುಗಳೂ ಸುಮಾರು 2 ಲಕ್ಷ ವರ್ಷಗಳ ಹಿಂದೆ, ಬಹುಶಃ ಆಫ್ರಿಕದಲ್ಲಿ, ಬಾಳಿದ ಒಬ್ಬಳಲ್ಲಿ ಕೂಡುತ್ತವೆ ಎಂದು ತೋರಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ, ಹೊಸಬರು ಎಡವುವುದು ಇಲ್ಲೇ. ಆಕೆ ಭೂಮಿಯ ಮೇಲಿದ್ದ ಒಬ್ಬಳೇ ಹೆಣ್ಣಲ್ಲ. ಅವಳ ಕಾಲದಲ್ಲಿ ಬೇರೆ ತಾಯಂದಿರೂ ಇದ್ದರು. ಯಾವುದೋ ತಲೆಮಾರಿನಲ್ಲಿ ಗಂಡುಮಕ್ಕಳಷ್ಟೇ ಹುಟ್ಟಿದರೆ ಆ ತಾಯಿಸಾಲು ಅಲ್ಲಿಗೆ ನಿಲ್ಲುತ್ತದೆ. ಆದರೂ ಆ ಗಂಡುಮಕ್ಕಳ ಮೂಲಕ ಆ ತಾಯಿಯ ಉಳಿದ ಡಿಎನ್ಎ ನಮ್ಮವರೆಗೂ ಬಂದಿರಬಹುದು. ಹಾಗಾಗಿ ತಾಯಿಸಾಲು ನಮ್ಮ ಪೂರ್ವಿಕರ ದೊಡ್ಡ ಗುಂಪಿನಲ್ಲಿ ಒಂದೇ ಒಂದು ದಾರಿ.

ಹತ್ತಿರದ ಕಾಲಕ್ಕೆ ಬರೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಸಿದ್ದಿ ಸಮುದಾಯದವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕದಿಂದ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವು ಸಿದ್ದಿಯರಲ್ಲಿ ಆಫ್ರಿಕದ ಬಾಂಟು ಭಾಷಿಕರ ವಂಶವಾಹಿಯನ್ನೂ ಅದರೊಡನೆ ಬೆರೆತ ಭಾರತೀಯ ಅಂಶವನ್ನೂ ಕಂಡಿತು. ಹೆಸರು, ಊರು ಯಾವುದನ್ನೂ ಬರೆದಿಡದೆ ಮಾರಲ್ಪಟ್ಟವರ ಮಕ್ಕಳಿಗೆ ತಮ್ಮ ಮೂಲದ ಒಂದು ದಾಖಲೆಯಾದರೂ ಮೈಯಲ್ಲೇ ಉಳಿದಿದೆ. ನನಗೆ ಇದು ದೊಡ್ಡ ಮಾತು.

ಆದರೆ ಸಂಸ್ಕೃತಿಯ ವಿಷಯದಲ್ಲಿ ಈ ದಾಖಲೆ ಮೌನ. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವವರು ಬಹಳ. ಡಮಾಮಿ ಎಂಬ ವಾದ್ಯ ಬಡಿದು ಕುಣಿಯುತ್ತಾರೆ. ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಹೋಗಿ ಕೌದಿ ಮಾಡುತ್ತಾರೆ, ಮೂಲೆಗಳಿಗೆ ಹೂವಿನಂತೆ ಮಡಿಚಿದ ತುಂಡು ಕೂಡಿಸುತ್ತಾರೆ. ಕೌದಿಯೋ, ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇರುವಂಥದ್ದು. ಆ ಹೊಲಿಗೆಯಲ್ಲಿ ಎಷ್ಟು ಕಡಲಾಚೆಯದು, ಎಷ್ಟು ನೆರೆಮನೆಯದು ಎಂಬುದನ್ನು ರಕ್ತಪರೀಕ್ಷೆ ಹೇಳಲಾರದು. ಅದಕ್ಕೆ ಹೊಲಿಯುವ ಅಜ್ಜಿಯ ಬಳಿ ಕೂತು, ಯಾರಿಂದ ಕಲಿತಿರಿ ಎಂದು ಕೇಳಬೇಕು.